ಚಹಾದ ಹೊತ್ತಿಗೆ ಅವನು ಎಲ್ಲಿ ಕೂರುತ್ತಾನೆ?

ಪ್ರಶ್ನೆ: ಹುಬ್ಬಳ್ಳಿ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಒಟ್ಟು 35 ಮಂದಿ ಇದ್ದೇವೆ. ಎಂಟು ತಿಂಗಳ ಹಿಂದೆ ಕಿವಿ ಕೇಳದ, ಮಾತು ಬಾರದ ಹುಡುಗನೊಬ್ಬನನ್ನು ಪ್ಯಾಕಿಂಗಿಗೆ ತಗೊಂಡೆವು. ಕೆಲಸದಲ್ಲಿ ಚುರುಕು. ಯಾರೂ ಅವನಿಗೆ ಕೆಟ್ಟದ್ದು ಅಂದಿಲ್ಲ, ಸಂಬಳವೂ ಎಲ್ಲರಷ್ಟೇ ಕೊಡುತ್ತೇವೆ. ಆದರೂ ಹೋದ ವಾರ ‘ಕೆಲಸ ಬಿಡ್ತೀನಿ ಸರ್’ ಅಂತ ಚೀಟಿ ಬರೆದು ಕೊಟ್ಟ. ಕಾರಣ ಕೇಳಿದರೆ ಸುಮ್ನೆ ತಲೆ ಅಲ್ಲಾಡಿಸಿದ. ನಮ್ಮಿಂದ ಏನು ತಪ್ಪಾಯಿತು?

ಉತ್ತರ: ಚೀಟಿ ಇನ್ನೂ ನಿಮ್ಮ ಜೇಬಿನಲ್ಲೇ ಇದ್ದರೆ ಅಲ್ಲೇ ಇರಲಿ, ಆಫೀಸಿಗೆ ಕಳಿಸಬೇಡಿ.

ಒಂದು ಮಾತು ಕೇಳ್ತೀನಿ. ಭಾನುವಾರ ಓವರ್‌ಟೈಮ್ ಇದೆ, ಶಿಫ್ಟ್ ಬದಲಾಗಿದೆ ಅನ್ನೋದು ಅವನಿಗೆ ಹೇಗೆ ಗೊತ್ತಾಗುತ್ತದೆ? ಎಷ್ಟೋ ಕಡೆ ಸೂಪರ್‌ವೈಸರ್ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಒಗೆದು ಬಿಡುತ್ತಾರೆ. ಟೈಪ್ ಮಾಡೋ ತ್ರಾಸ ಯಾರಿಗೆ ಬೇಕು, ಅಲ್ವಾ? ಉಳಿದವರೆಲ್ಲ ಕೇಳಿಸಿಕೊಳ್ಳುತ್ತಾರೆ. ಅವನ ಫೋನಿನಲ್ಲಿ ಒಂದು ಚುಕ್ಕೆ ಆ ಕಡೆಯಿಂದ ಈ ಕಡೆಗೆ ಸರಿದು ನಿಲ್ಲುತ್ತದೆ, ಅಷ್ಟೇ.

ನಾನು ಹರೆಯದಲ್ಲಿ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಅಲ್ಲಿನ ಮಷಿನ್‌ಮನ್ ಒಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ. ಮಷಿನ್ ಶುರುವಾಯಿತೆಂದರೆ ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲವಲ್ಲ, ಹಾಗಾಗಿ ಎಲ್ಲರದೂ ಕೈಸನ್ನೆಯೇ: ಎರಡು ಬೆರಳು ತಿಕ್ಕಿದರೆ ಶಾಯಿ ಜಾಸ್ತಿ, ಅಂಗೈ ಮಗುಚಿದರೆ ಹಾಳೆಯ ಇನ್ನೊಂದು ಮಗ್ಗುಲು, ಮೀಸೆ ತಿರುವಿದರೆ ಮಾಲೀಕರು ಬಂದರು ಅಂತ. ಆ ಕೋಣೆಯಲ್ಲಿ ಅವನೇ ಉಸ್ತಾದ. ಸನ್ನೆಯಲ್ಲೇ ಚೇಷ್ಟೆ ಮಾಡಿ ಎಲ್ಲರನ್ನೂ ನಗಿಸುತ್ತಿದ್ದ. ನಾಲ್ಕಕ್ಕೆ ಮಷಿನ್ ನಿಲ್ಲಿಸಿ ಎದುರಿನ ಚಹಾದ ಅಂಗಡಿಗೆ ಹೋದರೆ ಅದೇ ಮನುಷ್ಯ ಬೆಂಚಿನ ತುದಿಯಲ್ಲಿ ಕೂತು, ಬಸಿ ನೋಡುತ್ತಾ, ಎಲ್ಲರಿಗಿಂತ ಮೊದಲು ಚಹಾ ಮುಗಿಸಿ ಎದ್ದು ಹೋಗುತ್ತಿದ್ದ. ಸದ್ದು ನಿಂತ ಕೂಡಲೇ ನಾವು ಕೈ ಕೆಳಗಿಳಿಸಿ ಬಾಯಿ ತೆರೆಯುತ್ತಿದ್ದೆವು. ನನಗೆ ಇದು ಹೊಳೆದದ್ದು ಆ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ.

ನಿಮ್ಮಲ್ಲೂ ಹಂಗೇ ಆಗಿರಬೇಕು. ಕೆಟ್ಟ ಮಾತು ಯಾರೂ ಆಡಿಲ್ಲ ಅಂತೀರಿ. ಒಳ್ಳೆಯ ಮಾತು ಯಾರು ಆಡಿದ್ದಾರೆ? ಬುತ್ತಿ ಬಿಚ್ಚುವಾಗ ಅವನ ಪಕ್ಕ ಯಾರು ಕೂರುತ್ತಾರೆ? ಅವನಿಗೊಂದು ಹೆಸರಿದೆಯಲ್ಲ, ಅದು ಎಷ್ಟು ಮಂದಿಗೆ ಗೊತ್ತು, ಇಲ್ಲಾ ಎಲ್ಲರಿಗೂ ಅವನು ‘ಮೂಗ’ನೇ?

ನಾಳೆಯಿಂದಲೇ ವಾಯ್ಸ್ ಮೆಸೇಜ್ ಬಿಟ್ಟುಬಿಡಿ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಅಕ್ಷರ ಮೂಡಿಸುತ್ತದೆ, ತಪ್ಪು ತಿದ್ದಿ ಕಳಿಸಿ. ಅವನ ಹತ್ತಿರ ಮಾತಾಡುವಾಗ ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ನಿಲ್ಲಿ, ತುಟಿ ಕಾಣಬೇಕು. (ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು ಮಾತಾಡಿದರೆ ಕಿವಿ ಇದ್ದವರಿಗೇ ತಿಳಿಯೋದಿಲ್ಲ.) ಬೆಂಕಿಯ ಸೈರನ್ ಬರೀ ಸದ್ದಿನದಾಗಿದ್ದರೆ ಅದರ ಜೊತೆಗೆ ಮಿನುಗುವ ಕೆಂಪು ದೀಪವನ್ನೂ ಹಾಕಿಸಿ, ಇದನ್ನು ಮುಂದೂಡಬೇಡಿ. ಇಬ್ಬರು ಹುಡುಗರಿಗೆ ಒಂದಿಪ್ಪತ್ತು ಸನ್ನೆ ಕಲಿಯಲು ಹೇಳಿ. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಭಾರತೀಯ ಸಂಜ್ಞಾ ಭಾಷಾ ಸಂಸ್ಥೆ 10,000 ಪದಗಳ ನಿಘಂಟು ಮಾಡಿದೆ, ವಿಡಿಯೊ ಪುಕ್ಕಟೆ ಸಿಗುತ್ತವೆ. ಅದಕ್ಕೂ ಮೊದಲು ಅವನನ್ನೇ ಕೇಳಿ, ಅವನು ಬಳಸುವ ಸನ್ನೆ ಬೇರೆಯೂ ಇರಬಹುದು. ಅವನೇ ಮೇಷ್ಟ್ರಾದರೆ ಇನ್ನೂ ಒಳ್ಳೇದು.

ಮಾಲೀಕರಿಗೆ ಇಷ್ಟು ಹೇಳಿ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮತ್ತು 2017ರ ನಿಯಮಗಳ ಪ್ರಕಾರ 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಖಾಸಗಿ ಸಂಸ್ಥೆ ಇಂಥವರಿಗಾಗಿ ಸಮಾನ ಅವಕಾಶ ನೀತಿ ಬರೆದು ಎಲ್ಲರಿಗೂ ಕಾಣುವಂತೆ ಹಾಕಬೇಕು, ಅವರಿಗಾಗಿ ಒಬ್ಬ ಅಧಿಕಾರಿಯನ್ನೂ ನೇಮಿಸಬೇಕು. ನೀವು 35 ಮಂದಿ ಇದ್ದೀರಿ. ಮತ್ತೆ, ಎಲ್ಲರಷ್ಟೇ ಸಂಬಳ ಕೊಡೋದು ಉಪಕಾರವಲ್ಲ ಸರ್, ಅದು ಅವನು ದುಡಿದ ದುಡ್ಡು.

ಪ್ರಶ್ನೆ: ನಾನು ಮಂಡ್ಯದವಳು, ಧಾರವಾಡದ ಬ್ರಾಂಚಿಗೆ ಬಂದು ಆರು ತಿಂಗಳಾಯಿತು. ನಾನು ‘ಕಣ್ರೀ’ ಅಂದರೆ ಸಾಕು, ಇಡೀ ಆಫೀಸು ಅದನ್ನೇ ಎಳೆದು ಎಳೆದು ಹೇಳಿ ನಗುತ್ತದೆ. ಈಗ ಮೀಟಿಂಗಿನಲ್ಲಿ ಬಾಯಿ ತೆರೆಯಲೂ ಹಿಂಜರಿಕೆ. ಇಲ್ಲಿಯವರ ಹಾಗೆ ಮಾತಾಡಲು ಕಲಿಯಲೇ?

ಉತ್ತರ: ಬೇಡ ತಂಗಿ. ನಮ್ಮ ಕಡೆಯ ಹುಡುಗರು ಬೆಂಗಳೂರಿಗೆ ಹೋಗಿ ‘ಹೌದ್ರಿ’ ಅಂದಾಗ ಇದೇ ಪಾಡು, ರಜೆಗೆ ಊರಿಗೆ ಬಂದಾಗ ಅದನ್ನು ಹೇಳಿ ಬೈಯುತ್ತಾರೆ. ಇಲ್ಲಿ ತಾವೇ ಅದನ್ನು ಮಾಡುತ್ತಾರೆ ನೋಡಿ! ಊಟದ ಹೊತ್ತಿನಲ್ಲಿ ನಕ್ಕರೆ ನೀವೂ ಅವರ ‘ಅಡ್ಡಿಯಿಲ್ರಿ’ಯನ್ನು ಎಳೆದು ಹೇಳಿ ನಕ್ಕುಬಿಡಿ, ಸಮ ಆಗುತ್ತದೆ. ಮೀಟಿಂಗಿನಲ್ಲಿ, ಗಿರಾಕಿಗಳ ಮುಂದೆ ನಕ್ಕರೆ ಅದು ತಮಾಷೆಯಲ್ಲ. ನಗು ಶುರು ಮಾಡುವವರು ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ, ಉಳಿದವರು ಜೊತೆಗೂಡುತ್ತಾರೆ. ಆ ಒಬ್ಬರನ್ನು ಪಕ್ಕಕ್ಕೆ ಕರೆದು ‘ನೀವು ನಕ್ಕ ಮೇಲೆ ನಾನು ಹೇಳಬೇಕಾದ್ದು ಹೇಳೋಕೆ ಆಗ್ತಿಲ್ಲ ಕಣ್ರೀ’ ಅಂತ ನೇರವಾಗಿ ಹೇಳಿ. ಹೌದು, ‘ಕಣ್ರೀ’ ಸೇರಿಸಿಯೇ ಹೇಳಿ. ಆಮೇಲೂ ನಿಲ್ಲದಿದ್ದರೆ ಮ್ಯಾನೇಜರಿಗೆ ಬರೆದು ಕೊಡಿ. ಬರೆಯುವಾಗ ತಾರೀಖು ಹಾಕೋದು ಮರೀಬೇಡಿ.