ಐಟಿಐ ಫಿಟ್ಟರ್ ಮುಗಿದಿದೆ: ಸಕ್ಕರೆ ಕಾರ್ಖಾನೆಯ ಅಪ್ರೆಂಟಿಸ್‌ಶಿಪ್ಪೋ, ಬೆಂಗಳೂರಿನ ಗುತ್ತಿಗೆ ಕೆಲಸವೋ?

ನೀವು ಕೇಳಿರುವುದು ಇಷ್ಟು: ಮುಧೋಳದ ಕಡೆಯವರು, ಐಟಿಐ ಫಿಟ್ಟರ್ ಮುಗಿಸಿದ್ದೀರಿ. ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಸಿಗುತ್ತಿದೆ, ಆದರೆ ಸ್ಟೈಪೆಂಡ್ ಕಡಿಮೆ. ಬೆಂಗಳೂರಿನಲ್ಲಿ ಗುತ್ತಿಗೆದಾರರ ಮೂಲಕ ಅಸೆಂಬ್ಲಿ ಲೈನಿನ ಕೆಲಸವಿದೆ, ಸಂಬಳ ಹೆಚ್ಚುಕಡಿಮೆ ಎರಡರಷ್ಟು. ಯಾವುದಕ್ಕೆ ಸೇರಲಿ?

ಅಪ್ರೆಂಟಿಸ್‌ಶಿಪ್‌ಗೆ ಸೇರಿ. ಆದರೆ ನಿಮ್ಮನ್ನು ಮಿಲ್ ಹೌಸಿಗೆ (ಕಬ್ಬು ನುರಿಸುವ ವಿಭಾಗಕ್ಕೆ) ಹಾಕುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ. ನಾನು ಬೆಳಗಾವಿ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ ಮಿಲ್ ಫಿಟ್ಟರ್ ಆಗಿ ಸೇರಿ ಈಗ ಮಿಲ್ ಫೋರ್‌ಮನ್ ಆಗಿದ್ದೇನೆ. ಹೊಸ ಹುಡುಗರಿಗೆ ಕೆಲಸ ಕಲಿಸುವುದು ನನ್ನ ಹೊಣೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ಬೇರೆ ಉದ್ಯಮಗಳಲ್ಲಿ ಅಪ್ರೆಂಟಿಸ್‌ಗೆ ಒಂದು ಕೊರತೆ ಉಳಿದುಬಿಡುತ್ತದೆ. ಯಂತ್ರ ಸದಾ ಓಡುತ್ತಲೇ ಇರುತ್ತದೆ, ಅದರ ಒಳಭಾಗವನ್ನು ನೋಡುವ ಅವಕಾಶವೇ ಬರುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಹಾಗಲ್ಲ. ನಮ್ಮ ಭಾಗದಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ ಕಬ್ಬು ನುರಿಸುವುದು ಶುರುವಾದರೆ ಮಾರ್ಚ್-ಏಪ್ರಿಲ್‌ವರೆಗೆ ಹಗಲು ರಾತ್ರಿ ನಡೆಯುತ್ತದೆ. ಆಮೇಲೆ ಆಫ್ ಸೀಸನ್. ಆಗ ಇಡೀ ಮಿಲ್ಲನ್ನು ಬಿಚ್ಚುತ್ತೇವೆ. ಒಂದೇ ವರ್ಷದಲ್ಲಿ ಓಡುವ ಯಂತ್ರವನ್ನೂ ಬಿಚ್ಚಿಟ್ಟ ಯಂತ್ರವನ್ನೂ ಕೈಯಾರೆ ಮುಟ್ಟುವ ಭಾಗ್ಯ ಫಿಟ್ಟರ್ ಹುಡುಗನಿಗೆ ಇನ್ನೆಲ್ಲಿ ಸಿಗುತ್ತದೆ?

ಬಿಚ್ಚಿದಾಗ ಏನು ಕಾಣುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಂದು ಮಿಲ್ಲಿನಲ್ಲಿ ಮೂರು ದೊಡ್ಡ ರೋಲರ್‌ಗಳಿರುತ್ತವೆ: ಮೇಲೆ ಟಾಪ್ ರೋಲರ್, ಕೆಳಗೆ ಕಬ್ಬು ಒಳಬರುವ ಕಡೆ ಫೀಡ್ ರೋಲರ್, ಸಿಪ್ಪೆ ಹೊರಬೀಳುವ ಕಡೆ ಡಿಸ್ಚಾರ್ಜ್ ರೋಲರ್. ಉಕ್ಕಿನ ಶಾಫ್ಟಿನ ಮೇಲೆ ಕಾಯಿಸಿ ಏರಿಸಿದ ಎರಕದ ಕಬ್ಬಿಣದ ಶೆಲ್, ಅದರ ಮೇಲೆ ಹಲ್ಲುಗಳಂತೆ ಕೊರೆದ ಗ್ರೂವ್‌ಗಳು. ಇವು ತಿರುಗುವುದು ನಿಮಿಷಕ್ಕೆ ನಾಲ್ಕೈದು ಸುತ್ತು ಮಾತ್ರ, ಆದರೆ ಅವುಗಳ ಮೇಲಿನ ಒತ್ತಡ ವಿಪರೀತ. ಟಾಪ್ ರೋಲರನ್ನು ಹೈಡ್ರಾಲಿಕ್ ಒತ್ತಡ ಹಿಡಿದಿಟ್ಟಿರುತ್ತದೆ, ಕಬ್ಬು ಹೆಚ್ಚಾಗಿ ಬಂದಾಗ ಅದು ತುಸು ಮೇಲೆದ್ದು ದಾರಿ ಬಿಡುತ್ತದೆ. ಆಫ್ ಸೀಸನ್‌ನಲ್ಲಿ ಕ್ರೇನಿನಿಂದ ಈ ರೋಲರ್‌ಗಳನ್ನು ಎತ್ತಿ, ಜರ್ನಲ್ (ಶಾಫ್ಟಿನಲ್ಲಿ ಬೇರಿಂಗಿನೊಳಗೆ ಕೂರುವ ಭಾಗ) ಎಷ್ಟು ಸವೆದಿದೆ ಎಂದು ಮೈಕ್ರೋಮೀಟರ್ ಹಿಡಿದು ಅಳೆಯುತ್ತೇವೆ. ಜರ್ನಲ್‌ಗೆ ಬಣ್ಣ ಹಚ್ಚಿ, ಗನ್‌ಮೆಟಲ್ ಬೇರಿಂಗಿನಲ್ಲಿ ಆ ಬಣ್ಣ ತಾಗಿದ ಜಾಗ ನೋಡಿ ಸ್ಕ್ರೇಪರ್‌ನಿಂದ ಕೆರೆಯುತ್ತೇವೆ. ಐಟಿಐಯಲ್ಲಿ ನೀವು ಸ್ಕ್ರೇಪಿಂಗ್ ಮಾಡಿದ್ದು ಅಂಗೈಯಗಲದ ತುಂಡಿನ ಮೇಲೆ. ಇಲ್ಲಿ ಅದೇ ಕೆಲಸದ ಮೇಲೆ ಮುಂದಿನ ಇಡೀ ಸೀಸನ್ ನಿಂತಿರುತ್ತದೆ.

ನಂತರ ಬರುವುದು ಮಿಲ್ ಸೆಟಿಂಗ್. ರೋಲರ್‌ಗಳ ನಡುವಿನ ಅಂತರ, ಸಿಪ್ಪೆಯನ್ನು ಫೀಡ್ ರೋಲರಿನಿಂದ ಡಿಸ್ಚಾರ್ಜ್ ರೋಲರಿಗೆ ದಾಟಿಸುವ ಕೆಳಗಿನ ಟ್ರ್ಯಾಶ್ ಪ್ಲೇಟಿನ ಎತ್ತರ, ಇವೆರಡರಲ್ಲಿ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಮಿಲ್ ಮಾತು ಕೇಳುವುದಿಲ್ಲ. ಪ್ಲೇಟ್ ಎತ್ತರವಾದರೆ ಸಿಪ್ಪೆ ಅಲ್ಲೇ ಉಜ್ಜಿ ವಿದ್ಯುತ್ ತಿನ್ನುತ್ತದೆ. ತಗ್ಗಾದರೆ ಟಾಪ್ ರೋಲರಿಗೆ ಹಿಡಿತ ಸಿಗದೆ ಜಾರುತ್ತದೆ. ಸೆಟಿಂಗ್ ಹಾಕುವಾಗ ಹಿರಿಯ ಫಿಟ್ಟರ್ ಪಕ್ಕದಲ್ಲೇ ನಿಲ್ಲಿ. ಲೆಕ್ಕದ ಹಾಳೆಯನ್ನು ಕೇಳಿ ಪಡೆದು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಪಂಪು, ಮೋಟಾರು, ಗೇರ್‌ಬಾಕ್ಸುಗಳ ಕೆಲಸ ಮುಂದೆ ನೀವು ಯಾವ ಕಾರ್ಖಾನೆಗೆ ಹೋದರೂ ಅನ್ನ ಕೊಡುತ್ತದೆ. ಕಪ್ಲಿಂಗ್ ಅಲೈನ್‌ಮೆಂಟನ್ನು (ಜೋಡಿಸಿದ ಎರಡು ಶಾಫ್ಟುಗಳನ್ನು ಒಂದೇ ಗೆರೆಗೆ ತರುವುದು) ಡಯಲ್ ಗೇಜಿನಲ್ಲಿ ಮಾಡುವುದನ್ನು ಕಲಿಯದೆ ಅಲ್ಲಿಂದ ಹೊರಬರಬೇಡಿ. ಮೊದಲು ಮೋಟಾರಿನ ನಾಲ್ಕು ಕಾಲೂ ಬೇಸಿನ ಮೇಲೆ ಸಮವಾಗಿ ಕೂತಿವೆಯೇ ಎಂದು ಫೀಲರ್ ಗೇಜ್ ತೂರಿಸಿ ನೋಡಬೇಕು. ಕೂತಿಲ್ಲದಿದ್ದರೆ ಶಿಮ್ (ತೆಳು ಲೋಹದ ಹಾಳೆ) ಹಾಕಿ ಸರಿಪಡಿಸಿದ ಮೇಲೆಯೇ ಮುಂದಿನ ಅಳತೆ. ಕಪ್ಲಿಂಗ್ ರಿಮ್ಮಿನ ಮೇಲಿನಿಂದ ಕೆಳಕ್ಕೆ ಡಯಲ್ ಗೇಜಿನ ಮುಳ್ಳು 0.40 ಮಿ.ಮೀ. ತೋರಿಸಿದರೆ ಶಾಫ್ಟುಗಳ ನಿಜವಾದ ಏರುಪೇರು ಅದರ ಅರ್ಧ, 0.20 ಮಾತ್ರ. ಬಾಲ್ ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಹೊರರಿಂಗಿಗೆ ಸುತ್ತಿಗೆಯಿಂದ ಹೊಡೆದರೆ ಪೆಟ್ಟು ಬಾಲುಗಳ ಮೂಲಕ ಹಾದು ರಿಂಗಿನ ದಾರಿಯಲ್ಲಿ ಗುಳಿ ಬೀಳುತ್ತದೆ. ಹೊಸ ಬೇರಿಂಗ್ ಓಡುವ ಮೊದಲೇ ಕೆಡುತ್ತದೆ. ಅದನ್ನು ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಏರಿಸುವುದೇ ಸರಿಯಾದ ಕ್ರಮ. ಇಂಥ ಹತ್ತು ಸಂಗತಿಗಳನ್ನು ಕಾರಣ ಸಮೇತ ಬಲ್ಲ ಹುಡುಗನನ್ನು ಸಂದರ್ಶನದಲ್ಲಿ ಐದೇ ನಿಮಿಷದಲ್ಲಿ ಗುರುತಿಸುತ್ತೇವೆ. ಅಸೆಂಬ್ಲಿ ಲೈನಿನಲ್ಲಿ ಒಂದೇ ನಟ್ಟನ್ನು ಬಿಗಿಯುತ್ತ ಎಷ್ಟು ವರ್ಷ ಕಳೆದರೂ ಇವು ಬರುವುದಿಲ್ಲ.

ಕಾಗದಪತ್ರದ ವಿಷಯ ಚಿಕ್ಕದಾಗಿ. ಇದು 1961ರ ಅಪ್ರೆಂಟಿಸ್ ಕಾಯ್ದೆಯಡಿ ನಡೆಯುವ ತರಬೇತಿ. ಒಪ್ಪಂದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಂದಣಿಯಾಗಲೇಬೇಕು. ನೋಂದಣಿ ಇಲ್ಲದೆ "ಟ್ರೈನಿ" ಎಂದು ಕರೆದು ದುಡಿಸಿಕೊಂಡರೆ ವರ್ಷದ ಕೊನೆಗೆ ಪರೀಕ್ಷೆಯೂ ಇಲ್ಲ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರವೂ ಇಲ್ಲ. 2019ರ ತಿದ್ದುಪಡಿ ನಿಯಮಗಳು ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ನಿಗದಿ ಮಾಡಿದವು. ಅದಕ್ಕಿಂತ ಕಡಿಮೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ತರಬೇತಿಯಲ್ಲಿ ಗಾಯವಾದರೆ ಪರಿಹಾರ ಕೊಡುವುದು ಮಾಲೀಕರ ಜವಾಬ್ದಾರಿ. ಆದರೆ ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಾರ್ಖಾನೆಗೆ ಇಲ್ಲ. ಇದನ್ನು ಮನೆಯವರಿಗೂ ಮೊದಲೇ ತಿಳಿಸಿಬಿಡಿ. ಸರ್ಕಾರಿ ನೌಕರಿಯೇ ಗುರಿಯಾಗಿದ್ದರೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್ ಪ್ರಕಟಣೆಗೂ ಅರ್ಜಿ ಹಾಕಿ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 (ಅತಿ ಕೆಳ ಶ್ರೇಣಿಯ ಹುದ್ದೆಗಳ) ನೇರ ನೇಮಕಾತಿಯಲ್ಲಿ ಶೇ. 20ರಷ್ಟು ಹುದ್ದೆಗಳಿವೆ.

ಒಂದು ಆತಂಕವನ್ನು ಮುಚ್ಚಿಡುವುದಿಲ್ಲ. ಕೆಲವು ಕಡೆ ಅಪ್ರೆಂಟಿಸ್ ಹುಡುಗರಿಗೆ ಕಸ ಗುಡಿಸುವ, ಸಾಮಾನು ಹೊರುವ ಕೆಲಸ ಕೊಟ್ಟು ವರ್ಷ ಕಳೆಯುತ್ತಾರೆ. ನನಗೆ ಇದು ಅನ್ಯಾಯವೆಂದೇ ಅನಿಸುತ್ತದೆ. ಆದ್ದರಿಂದ ಸೇರುವ ಮೊದಲು ಅಲ್ಲಿ ಹಿಂದಿನ ವರ್ಷ ಅಪ್ರೆಂಟಿಸ್ ಆಗಿದ್ದವರನ್ನು ಹುಡುಕಿ ಮಾತನಾಡಿಸಿ. ರೋಲರ್ ಎತ್ತುವಾಗ ಅವರನ್ನು ಜೊತೆಗೆ ಕರೆದರೇ, ಯಾರ ಕೈಕೆಳಗೆ ಕೆಲಸ ಮಾಡಿದರು, ಪರೀಕ್ಷೆಗೆ ಕೂರಿಸಿದರೇ ಎಂದು ಕೇಳಿ. ಇನ್ನೊಂದು: ವಿದ್ಯುತ್ ಕಡಿತಗೊಳಿಸಿ ಸ್ವಿಚ್ಚಿಗೆ ಬೀಗ ಹಾಕದ ಹೊರತು ಕಬ್ಬು ಸಾಗಿಸುವ ಕ್ಯಾರಿಯರ್ ಒಳಗಾಗಲಿ ರೋಲರ್ ನಡುವೆಯಾಗಲಿ ಕೈ ಹಾಕಬೇಡಿ, ಯಾರು ಹೇಳಿದರೂ ಸರಿ. ಮಿಲ್ ನಿಧಾನ ತಿರುಗುತ್ತದೆ ಎಂಬ ಧೈರ್ಯದಿಂದಲೇ ಬೆರಳು ಕಳೆದುಕೊಂಡವರಿದ್ದಾರೆ.

ಸೇರುವ ತಿಂಗಳನ್ನು ಆರಿಸಿಕೊಳ್ಳಲು ಬಿಟ್ಟರೆ ಮೇ ತಿಂಗಳನ್ನು ಕೇಳಿ. ಬಿಚ್ಚಿ ಜೋಡಿಸಿದ ಮೇಲೆ ಅದೇ ಮಿಲ್ ಓಡುವಾಗ ಬರುವ ಪ್ರತಿಯೊಂದು ಶಬ್ದ ಎಲ್ಲಿಂದ ಬಂತೆಂದು ನಿಮಗೆ ಅರ್ಥವಾಗುತ್ತದೆ. ಅವರು ಕೊಟ್ಟ ಪತ್ರದಲ್ಲಿ ಯಾವ ವಿಭಾಗ ಎಂದು ಬರೆದಿದ್ದರೆ ಇಲ್ಲಿ ತಿಳಿಸಿ. ಬಾಯ್ಲರ್ ಹೌಸ್ ಅಥವಾ ಪವರ್ ಹೌಸ್ ಆಗಿದ್ದರೆ ಏನೇನು ಕೇಳಿಕೊಳ್ಳಬೇಕು ಎಂಬುದನ್ನು ಬೇರೆಯಾಗಿ ಬರೆಯುತ್ತೇನೆ.