ಕಾರ್ಡಿಫ್‌ನಲ್ಲಿ ಒಂದೇ ವರ್ಷ ಇರುತ್ತೇನೆ, ವೇಲ್ಸ್ ನೋಡಿದಂತಾಗಲು ಯಾವ ರಗ್ಬಿ ಪಂದ್ಯದ ಟಿಕೆಟ್ ತೆಗೆದುಕೊಳ್ಳಲಿ?

2025ರ ಸೆಪ್ಟೆಂಬರ್‌ಗೆ ಹೊರಟಿದ್ದೀರಿ, ಒಂದು ವರ್ಷದ ಎಂ.ಎಸ್ಸಿ., ಕೈಯಲ್ಲಿ ಲೆಕ್ಕದ ದುಡ್ಡು. ಎರಡು ವರ್ಷದ ಹಿಂದೆ ನಾನೂ ಹೀಗೇ ಹೊರಟಿದ್ದೆ, ತಲೆಯಲ್ಲಿ ಇದೇ ಪ್ರಶ್ನೆ ಇತ್ತು. ನಾನು ಹೋಗಿ ಇಳಿದ ವಾರವೇ, 2023ರ ಸೆಪ್ಟೆಂಬರ್ 17ಕ್ಕೆ, ವೇಲ್ಸ್ ಸರ್ಕಾರದ ಹೊಸ ನಿಯಮದಿಂದ ಊರೊಳಗಿನ ಬಹುಪಾಲು ರಸ್ತೆಗಳ ವೇಗಮಿತಿ ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಯಿತು. ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲೆಲ್ಲೂ ಅದೇ ಜಗಳ. ಇವರಿಗೆ ಲಂಡನ್ನಿನದಲ್ಲದೆ ತಮ್ಮದೇ ಸರ್ಕಾರವೂ ಇದೆ ಎಂದು ನನಗೆ ಮನದಟ್ಟಾದದ್ದು ಆಗಲೇ.

ರಗ್ಬಿ ಟಿಕೆಟ್ಟಿನ ಸುತ್ತ ನಿಮ್ಮ ವರ್ಷವನ್ನು ಹೊಂದಿಸಬೇಡಿ. ಆಗಸ್ಟ್ ಮೊದಲ ವಾರದ ಸುತ್ತ ಹೊಂದಿಸಿ. ಆ ವಾರ ನ್ಯಾಷನಲ್ ಐಸ್ತೆದ್ವೊದ್ ನಡೆಯುತ್ತದೆ. ಶನಿವಾರದಿಂದ ಶನಿವಾರದವರೆಗೆ ಎಂಟು ದಿನ, ಕಾವ್ಯ, ಗಾಯನ, ನಾಟಕ, ಎಲ್ಲವೂ ವೆಲ್ಷ್ ಭಾಷೆಯಲ್ಲೇ. ವೇದಿಕೆಯಲ್ಲಿ ವೆಲ್ಷ್ ಮಾತ್ರ ಎಂಬ ನಿಯಮ 1950ರಿಂದ ಇದೆ. ಒಂದು ವರ್ಷ ಉತ್ತರದಲ್ಲಿ ನಡೆದರೆ ಮುಂದಿನ ವರ್ಷ ದಕ್ಷಿಣದಲ್ಲಿ, ನಮ್ಮ ಸಾಹಿತ್ಯ ಸಮ್ಮೇಳನದ ಹಾಗೆ ಊರೂರು ಸುತ್ತುತ್ತದೆ.

2024ರಲ್ಲಿ ಅದು ಪಾಂಟಿಪ್ರಿದ್‌ಗೆ ಬಂದಿತ್ತು, ಕಾರ್ಡಿಫ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಅವರ ರಾಷ್ಟ್ರಗೀತೆ 1856ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ಅದನ್ನು ಕಟ್ಟಿದ ತಂದೆ-ಮಗ ಇವಾನ್ ಜೇಮ್ಸ್ ಮತ್ತು ಜೇಮ್ಸ್ ಜೇಮ್ಸ್ ಅವರ ಸ್ಮಾರಕ ಇರುವ ಉದ್ಯಾನದಲ್ಲೇ ಉತ್ಸವ. ಇಷ್ಟು ಹತ್ತಿರ ಬಂದದ್ದನ್ನು ನಾನು ಕಳೆದುಕೊಂಡೆ. ನಾನು ಮೈಸೂರಿನವನು. ದಸರಾ ಎಂದರೆ ಕೊನೆಯ ದಿನ ಜಂಬೂ ಸವಾರಿ, ಜಾತ್ರೆ ಎಂದರೆ ಕೊನೆಗೆ ತೇರು. ದೊಡ್ಡದು ಕೊನೆಯಲ್ಲೇ ಬರುತ್ತದೆ ಎನ್ನುವುದು ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಕಾರ್ಯಕ್ರಮ ಪಟ್ಟಿಯಲ್ಲಿ ಮೊದಲ ದಿನ, ಕೊನೆಯ ದಿನ ಇಷ್ಟನ್ನೇ ನೋಡಿ ಮುಚ್ಚಿಟ್ಟೆ. ಆಗಸ್ಟ್ 10ರ ಶನಿವಾರ ರಜೆ ಸಿಗಲೆಂದು, ಪಾರ್ಟ್‌ಟೈಮ್ ಕೆಲಸದ ಜಾಗದಲ್ಲಿ ಶುಕ್ರವಾರದ ಪಾಳಿಯನ್ನು ನಾನೇ ಕೇಳಿ ಹಾಕಿಸಿಕೊಂಡೆ. ಶನಿವಾರ ಮೈದಾನಕ್ಕೆ ಹೋಗಿ, ಗೆದ್ದ ಕವಿಗೆ ಪೀಠ ಕೊಡುವ ದೊಡ್ಡ ಸಮಾರಂಭ ಎಷ್ಟು ಗಂಟೆಗೆ ಎಂದು ಕೇಳಿದೆ. ನಿನ್ನೆಯೇ ಆಯಿತು ಎಂದರು.

ಆದ್ದರಿಂದ ಇದನ್ನು ಬರೆದಿಟ್ಟುಕೊಳ್ಳಿ. ಛಂದಸ್ಸಿನ ಕಟ್ಟಿಲ್ಲದ ಕಾವ್ಯಕ್ಕೆ ಕಿರೀಟ, ಅದು ಸೋಮವಾರ. ಗದ್ಯಕ್ಕೆ ಪದಕ, ಬುಧವಾರ. ಕಟ್ಟುನಿಟ್ಟಿನ ಛಂದಸ್ಸಿನ ಕಾವ್ಯಕ್ಕೆ ಪೀಠ, ಅದು ಶುಕ್ರವಾರ ಮಧ್ಯಾಹ್ನದ ಮೇಲೆ. ಶನಿವಾರ ಏನೂ ಇಲ್ಲ ಅಂತಲ್ಲ, ಗಾಯನ ಸ್ಪರ್ಧೆಗಳು ಚೆನ್ನಾಗಿರುತ್ತವೆ, ಆದರೆ ಅದಕ್ಕಾಗಿ ಶುಕ್ರವಾರವನ್ನು ಬಿಡಬಾರದು.

ಕವಿಗಳು ಗುಪ್ತನಾಮದಲ್ಲಿ ಕಳಿಸಿರುತ್ತಾರೆ. ತೀರ್ಪುಗಾರರು ವಿಮರ್ಶೆ ಓದಿ, ಗೆದ್ದ ಗುಪ್ತನಾಮವನ್ನಷ್ಟೇ ಹೇಳುತ್ತಾರೆ. ಸಭೆಯಲ್ಲಿ ಕತ್ತಲೆ. ಕಹಳೆ ಮೊಳಗಿದಾಗ ಆ ಒಬ್ಬರು ಮಾತ್ರ ಎದ್ದು ನಿಲ್ಲಬೇಕು, ಬೆಳಕು ಅವರನ್ನು ಹುಡುಕುತ್ತದೆ. 2024ರ ಆ ಶುಕ್ರವಾರ ಎದ್ದು ನಿಂತವರು ಕಾರ್ವಿನ್ ಎಕ್ಲಿ, ಬಾಲ್ಯದಲ್ಲೇ ಕಳೆದುಕೊಂಡ ತಂದೆಯ ಬಗ್ಗೆ ಬರೆದ ಕವಿತೆಗಳಿಗಾಗಿ. ಯಾರೂ ಯೋಗ್ಯರಲ್ಲ ಎನಿಸಿದರೆ ಪೀಠ ಖಾಲಿ ಉಳಿಯುತ್ತದೆ, 2013ರಲ್ಲಿ ಹಾಗೇ ಆಯಿತು. 1917ರಲ್ಲಿ ಗೆದ್ದ ಹೆದ್ ವಿನ್ ವಾರಗಳ ಹಿಂದೆಯೇ ಯುದ್ಧದಲ್ಲಿ ಸತ್ತಿದ್ದರು, ಪೀಠಕ್ಕೆ ಕಪ್ಪು ಬಟ್ಟೆ ಹೊದಿಸಿದರು.

ಛಂದಸ್ಸಿನ ಆ ಕಟ್ಟಿಗೆ ಕಂಗ್‌ಹಾನೆದ್ ಎನ್ನುತ್ತಾರೆ. ಅದರ ಒಂದು ಬಗೆಯಲ್ಲಿ ಸಾಲಿನ ಮೊದಲರ್ಧದ ವ್ಯಂಜನಗಳು ಎರಡನೆಯ ಅರ್ಧದಲ್ಲಿ ಅದೇ ಕ್ರಮದಲ್ಲಿ ಮರಳಿ ಬರಬೇಕು. ಷಟ್ಪದಿಯ ಆದಿಪ್ರಾಸ ಕೇಳಿ ಬೆಳೆದ ಕಿವಿಗೆ ಅರ್ಥವಾಗದಿದ್ದರೂ ಅದು ತಟ್ಟುತ್ತದೆ. ಇಂಗ್ಲಿಷ್ ಅನುವಾದವನ್ನು ಕಿವಿಗೆ ಹಾಕಿಕೊಂಡು ಕೇಳುವ ವ್ಯವಸ್ಥೆ ಉತ್ಸವದ ಮುಖ್ಯ ಸಭಾಂಗಣವಾದ ಪೆವಿಲಿಯನ್‌ನಲ್ಲಿದೆ. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ವೆಲ್ಷ್ ಕಲಿತು ಏನು ಎಂದೂ ಕೇಳಿದ್ದೀರಿ. ಕನ್ನಡಿಗರು ಈ ಪ್ರಶ್ನೆ ಕೇಳಬಾರದು. 2021ರ ಜನಗಣತಿಯಲ್ಲಿ ವೆಲ್ಷ್ ಬರುತ್ತದೆ ಎಂದವರು ಶೇ. 17.8 ಮಾತ್ರ. 25 ವರ್ಷದೊಳಗಿನವರಿಗೆ ಸರ್ಕಾರದ ತರಗತಿಗಳು ಉಚಿತ. ಅಕ್ಷರಗಳ ಉಚ್ಚಾರ ಕಲಿಯಲು ಒಂದು ಸಂಜೆ ಸಾಕು: ಜೋಡಿ ಡಿ ಬಂದರೆ ನಮ್ಮ ದಕಾರಕ್ಕೆ ಹತ್ತಿರ, ಒಂಟಿ ಎಫ್ ಬಂದರೆ ವಕಾರ, ಡಬ್ಲ್ಯು ಹಲವು ಕಡೆ ಉಕಾರ.

ನಿಮ್ಮ ವರ್ಷದ ಐಸ್ತೆದ್ವೊದ್ 2026ರ ಆಗಸ್ಟ್ 1ರಿಂದ 8, ಪೆಂಬ್ರೋಕ್‌ಷೈರ್‌ನಲ್ಲಿ, ಕಾರ್ಡಿಗನ್ ಊರಿನ ಹತ್ತಿರ. 1176ರಲ್ಲಿ ರೀಸ್ ದೊರೆ ಮೊದಲ ಸ್ಪರ್ಧೆ ನಡೆಸಿದ್ದು ಕಾರ್ಡಿಗನ್ ಕೋಟೆಯಲ್ಲೇ, ಅದಕ್ಕೀಗ 850 ವರ್ಷ ತುಂಬುತ್ತದೆ. ಅಲ್ಲಿಗೆ ರೈಲಿಲ್ಲ. ಕಾರ್ಮಾರ್ಥೆನ್‌ವರೆಗೆ ರೈಲು, ಮುಂದೆ ಬಸ್ಸು. ಸಂಜೆ ಸಮಾರಂಭ ಮುಗಿಸಿ ಅದೇ ರಾತ್ರಿ ಕಾರ್ಡಿಫ್ ಸೇರುವ ಆಸೆ ಬಿಡಿ, ಡೇರೆ ಹಾಕುವ ಜಾಗವನ್ನು ಮೊದಲೇ ಕಾದಿರಿಸಿ. ಪ್ರಬಂಧದ ಕರಡು ಜುಲೈಯಲ್ಲೇ ಮುಗಿಯಲಿ.

ರಗ್ಬಿ ಬೇಡವೆಂದಲ್ಲ. 2024ರಲ್ಲಿ ಆರು ದೇಶಗಳ ರಗ್ಬಿ ಟೂರ್ನಿ ಸಿಕ್ಸ್ ನೇಷನ್ಸ್‌ನಲ್ಲಿ ವೇಲ್ಸ್ ಐದಕ್ಕೆ ಐದೂ ಸೋತಿತು. ಸ್ಕಾಟ್ಲೆಂಡ್ ಎದುರು 0-27ರಿಂದ 26-27ರವರೆಗೆ ಏರಿದ್ದನ್ನು ಬಾರಿನ ಟಿವಿಯಲ್ಲಿ ನೋಡಿದೆ, ಸುತ್ತಲೂ ಜನ ಹಾಡುತ್ತಿದ್ದರು, ಏನೂ ಕಡಿಮೆ ಎನಿಸಲಿಲ್ಲ. ಕ್ರೀಡಾಂಗಣಕ್ಕೇ ಹೋಗುವುದಾದರೆ ಎ4 ಹಾಳೆಗಿಂತ ದೊಡ್ಡ ಚೀಲ ಒಯ್ಯಬೇಡಿ. ಕ್ರಿಕೆಟ್ ಬೇಕಿದ್ದರೆ ಸೋಫಿಯಾ ಗಾರ್ಡನ್ಸ್ ನಡೆದು ಹೋಗುವಷ್ಟು ಹತ್ತಿರ. 2011ರ ಸೆಪ್ಟೆಂಬರ್ 16ರಂದು ದ್ರಾವಿಡ್ ಕೊನೆಯ ಏಕದಿನ ಪಂದ್ಯ ಆಡಿ 69 ಹೊಡೆದದ್ದು ಅಲ್ಲೇ.

ಇನ್ನೊಂದು, ಮತ ಹಾಕಿ. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳು, ವಿದ್ಯಾರ್ಥಿ ವೀಸಾದಲ್ಲಿದ್ದರೂ ಹಕ್ಕಿದೆ. 2026ರ ಮೇ 7ಕ್ಕೆ ಸೆನೆದ್, ಅಂದರೆ ವೇಲ್ಸ್‌ನ ಶಾಸನಸಭೆಯ ಚುನಾವಣೆ, ಸದಸ್ಯರು 60ರಿಂದ 96ಕ್ಕೆ ಏರುತ್ತಾರೆ: 16 ಕ್ಷೇತ್ರ, ತಲಾ ಆರು ಸ್ಥಾನ, ವ್ಯಕ್ತಿಗಲ್ಲ, ಪಕ್ಷದ ಪಟ್ಟಿಗೆ ಮತ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಹೆಸರು ನೋಂದಣಿಯಾಗಿರಬೇಕು. ಈ ಚುನಾವಣೆಗೆ ಫೋಟೋ ಗುರುತಿನ ಚೀಟಿ ಬೇಕಿಲ್ಲ.

ಇನ್ನು 2026ರ ಆಗಸ್ಟ್ 7, ಶುಕ್ರವಾರ. ಒಂದು ಗಂಟೆ ಮೊದಲೇ ಪೆವಿಲಿಯನ್ ಒಳಗೆ ಕೂತಿರಿ, ಸಮಾರಂಭ ಶುರುವಾದ ಮೇಲೆ ಬಾಗಿಲು ಮುಚ್ಚುತ್ತಾರೆ. ದೊಡ್ಡ ಖಡ್ಗವನ್ನು ಒರೆಯಿಂದ ಅರ್ಧ ಮಾತ್ರ ಎಳೆದು ಮೂರು ಸಲ ಕೇಳುತ್ತಾರೆ, ಶಾಂತಿ ಇದೆಯೇ ಎಂದು. ಮೂರು ಸಲವೂ ಸಭೆಯ ಜೊತೆ ನೀವೂ ಕೂಗಬೇಕು: ಹೆದ್ದುಖ್!