ಪಿಎಚ್‌ಡಿ ಇಲ್ಲೇ ಮಾಡಲೋ, ವಿದೇಶಕ್ಕೆ ಹೋಗಲೋ ಎಂದು ಕೇಳಿದವರಿಗೆ

27 ವರ್ಷ, ಅರ್ಥಶಾಸ್ತ್ರದಲ್ಲಿ ಎಂ.ಎ., ಎರಡು ವರ್ಷದಿಂದ ಅತಿಥಿ ಉಪನ್ಯಾಸಕ, ಕರ್ನಾಟಕದ ಗ್ರಾಮೀಣ ಬಡತನದ ಮೇಲೆ ಸಂಶೋಧನೆ ಮಾಡುವ ಆಸೆ, ವಿದೇಶದ ಡಿಗ್ರಿ ಇಲ್ಲದಿದ್ದರೆ ಬೆಲೆಯೇ ಇಲ್ಲವೇನೋ ಎಂಬ ಭಯ. ನಿಮ್ಮ ಪ್ರಶ್ನೆ ಓದುವಾಗ ಎದೆ ಹಿಂಡಿದ ಹಾಗಾಯಿತು. 2001ರಲ್ಲಿ ನಾನು ಇದ್ದದ್ದು ಹೀಗೇ, ವಿಷಯವೂ ಇದೇ.

ನಾನು ಅರಸೀಕೆರೆ ಕಡೆಯವನು. ನಾಲ್ಕೈದು ಎಕರೆ ತೆಂಗು, ಒಂದಿಷ್ಟು ರಾಗಿ ಹೊಲ. ಮನೆಯಲ್ಲಿ ಎಂ.ಎ. ಮುಗಿಸಿದ ಮೊದಲನೆಯವನು ನಾನೇ. ವಿದೇಶಕ್ಕೆ ಹೋಗುವ ದಾರಿ ಗೊತ್ತಿರಲಿಲ್ಲ, ಹಾಗಾಗಿ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸೇರಿಕೊಂಡೆ. ಗೈಡ್ ಒಳ್ಳೆಯವರು. ಆದರೆ ಅವರ ಕ್ಷೇತ್ರ ಸಹಕಾರಿ ಸಾಲ. ನಾನು ಬರೆದು ಕೊಟ್ಟಿದ್ದಕ್ಕೆ ಸಹಿ ಹಾಕುತ್ತಿದ್ದರು.

ಆಗ ದೇಶದಲ್ಲಿ ಒಂದೇ ಮಾತು. 1993-94ರಲ್ಲಿ ಶೇ 36ರಷ್ಟಿದ್ದ ಬಡತನ 1999-2000ಕ್ಕೆ ಶೇ 26ಕ್ಕೆ ಇಳಿದಿದೆ ಎಂದು ಯೋಜನಾ ಆಯೋಗ ಹೇಳಿತ್ತು. ಆರೇ ವರ್ಷದಲ್ಲಿ ಹತ್ತು ಅಂಶ! ಆ ಲೆಕ್ಕಕ್ಕೆ ಆಧಾರ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದರೆ ಮನೆಮನೆಗೆ ಹೋಗಿ ಖರ್ಚು ಕೇಳುವ ಸರ್ಕಾರಿ ಸಮೀಕ್ಷೆ. ಅದು ನಮ್ಮ ರಾಜ್ಯವನ್ನು ಕರಾವಳಿ-ಘಟ್ಟ ಮತ್ತು ಒಳನಾಡಿನ ಪೂರ್ವ, ದಕ್ಷಿಣ, ಉತ್ತರ ಅಂತ ನಾಲ್ಕು ಪ್ರದೇಶ ಮಾಡಿಕೊಂಡಿದೆ. ಈ ಇಳಿಕೆ ಎಲ್ಲಿ ಎಷ್ಟಾಯಿತು, ಯಾಕಾಯಿತು ಎಂದು ತೋರಿಸುವುದು ನನ್ನ ಪ್ರಬಂಧ. ಸಮೀಕ್ಷೆಯ 1993-94ರ 50ನೇ ಸುತ್ತು, 1999-2000ದ 55ನೇ ಸುತ್ತು, ಎರಡರ ಸಿ.ಡಿ.ಗಳೂ ಸಿಕ್ಕವು. ಒಳಗೆ ಬರೀ ಅಂಕಿಗಳ ಸಾಲು. ಎಷ್ಟನೇ ಕಾಲಮ್ಮಿನಿಂದ ಎಷ್ಟನೆಯದರವರೆಗೆ ಏನಿದೆ ಎಂದು ಹೇಳುವ ಪಟ್ಟಿಯನ್ನು ಬಾಯಿಪಾಠ ಮಾಡಿದೆ.

ನನ್ನ ಮೂರು ವರ್ಷ ನುಂಗಿದ ತಪ್ಪು ನಡೆದದ್ದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಕಿಗಳನ್ನು ಓದಿದೆ, ಆ ಅಂಕಿ ಹುಟ್ಟಿಸಿದ ಪ್ರಶ್ನೆಯನ್ನು ಓದಲಿಲ್ಲ. ಶೆಡ್ಯೂಲ್ ಅಂದರೆ ಸಮೀಕ್ಷೆಯವರು ಮನೆಬಾಗಿಲಿಗೆ ಒಯ್ಯುವ ಪ್ರಶ್ನಾವಳಿ. 50ನೇ ಸುತ್ತಿನಲ್ಲಿ ಅಕ್ಕಿ, ಬೇಳೆ, ಎಣ್ಣೆಗೆಲ್ಲ 'ಹೋದ 30 ದಿನದಲ್ಲಿ ಎಷ್ಟು ಬಳಸಿದಿರಿ' ಎಂದು ಕೇಳಿದ್ದರು. 55ನೇ ಸುತ್ತಿನಲ್ಲಿ ಒಂದೇ ಮನೆಯವರಿಗೆ, ಒಂದೇ ಹಾಳೆಯಲ್ಲಿ, 7 ದಿನದ್ದೊಂದು ಕಾಲಮ್ಮು, ಪಕ್ಕದಲ್ಲೇ 30 ದಿನದ್ದೊಂದು. ಏಳು ದಿನದ ಲೆಕ್ಕ ಕೇಳಿ ತಿಂಗಳಿಗೆ ಹಿಗ್ಗಿಸಿದರೆ ಸಾಮಾನ್ಯವಾಗಿ ಹೆಚ್ಚು ಬರುತ್ತದೆ, ನೇರವಾಗಿ ತಿಂಗಳ ಲೆಕ್ಕ ಕೇಳಿದರೆ ಕಡಿಮೆ. ನಡುವೆ ನಡೆದ 51ರಿಂದ 54ನೇ ಸುತ್ತುಗಳಲ್ಲಿ ಕೆಲವು ಮನೆಗಳಿಗೆ ವಾರದ್ದನ್ನು, ಉಳಿದವಕ್ಕೆ ತಿಂಗಳದ್ದನ್ನು ಬೇರೆಬೇರೆಯಾಗಿ ಕೇಳಿ ನೋಡಿದಾಗಲೇ ಇದು ಗೊತ್ತಾಗಿತ್ತು. ಎರಡನ್ನೂ ಒಟ್ಟಿಗೆ ಕೇಳಿದರೆ ತಿಂಗಳ ಉತ್ತರವೂ ವಾರದ ಉತ್ತರದ ಕಡೆಗೆ ಏರುತ್ತದೆ. ಬಟ್ಟೆ, ಚಪ್ಪಲಿ, ಓದಿನ ಖರ್ಚನ್ನು ಆ ಸಲ 365 ದಿನಕ್ಕಷ್ಟೇ ಕೇಳಿದ್ದು ಇನ್ನೊಂದು ಬದಲಾವಣೆ. ಇಂತಿಷ್ಟಕ್ಕಿಂತ ಕಡಿಮೆ ಖರ್ಚು ಮಾಡುವವರನ್ನೇ ಬಡವರೆಂದು ಎಣಿಸುವುದು, ಹಾಗಾಗಿ ಅವರ ಖರ್ಚು ಹೆಚ್ಚು ಬರೆದುಕೊಂಡರೆ ಬಡವರ ಸಂಖ್ಯೆ ತಾನಾಗಿ ಇಳಿಯುತ್ತದೆ. ನಾನು 'ಯಾಕೆ ಇಳಿಯಿತು' ಎಂದು ಎರಡು ಅಧ್ಯಾಯ ಬರೆದ ಇಳಿಕೆಯಲ್ಲಿ ಎಷ್ಟು ಭಾಗ ಪ್ರಶ್ನೆ ಬದಲಾದದ್ದರಿಂದ ಬಂದದ್ದು ಅಂತ ನನಗೇ ಗೊತ್ತಿರಲಿಲ್ಲ.

ಅದು ತಿಳಿದದ್ದು 2004ರಲ್ಲಿ, ಪ್ರಬಂಧ ಸಲ್ಲಿಸುವ ಮುಂಚಿನ ಸೆಮಿನಾರಿನಲ್ಲಿ. ಹಿಂದಿನ ಸಾಲಿನಲ್ಲಿ ಕೂತಿದ್ದ, ಸಮೀಕ್ಷೆಯ ಕೆಲಸ ಮಾಡಿ ನಿವೃತ್ತರಾಗಿದ್ದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಎರಡೂ ಶೆಡ್ಯೂಲ್ ಪಕ್ಕಪಕ್ಕ ಇಟ್ಟು ನೋಡಿದ್ದೀರಾ?" ನನ್ನ ಬಾಯಿ ಒಣಗಿತು.

ಆ ವಾರ ಊರಿಗೆ ಹೋಗಿ ಅಮ್ಮನನ್ನು ಕೇಳಿದೆ, ಹೋದ ತಿಂಗಳು ತೊಗರಿಬೇಳೆ ಎಷ್ಟು ಖರ್ಚಾಯಿತು ಅಂತ. "ಎರಡು ಕೆಜಿ ಇರ್ಬೋದು" ಅಂದರು. ಎರಡು ದಿನ ಬಿಟ್ಟು ಮೊದಲು ವಾರದ್ದು ಕೇಳಿದೆ. "ಶನಿವಾರ ನೆಂಟ್ರು ಬಂದಿದ್ರಲ್ಲ, ಮುಕ್ಕಾಲು ಕೆಜಿ ಆಗಿರುತ್ತೆ." ಹಾಗಾದರೆ ತಿಂಗಳದ್ದು? ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಆಡಿಸಿ ನಾಲ್ಕು ವಾರ ಎಣಿಸಿದರು. "ಮೂರು ಕೆಜಿ." ಅದೇ ಅಮ್ಮ, ಅದೇ ಬೇಳೆ ಡಬ್ಬ.

ಇದನ್ನೆಲ್ಲ ಅರ್ಥಶಾಸ್ತ್ರಜ್ಞರಾದ ಆಂಗಸ್ ಡೀಟನ್ ಮತ್ತು ಜಾನ್ ಡ್ರೆಜ್ 2002ರಲ್ಲೇ ಲೆಕ್ಕ ಹಾಕಿ, ಬಡತನ ಇಳಿದದ್ದು ನಿಜ, ಸರ್ಕಾರ ಹೇಳಿದಷ್ಟಲ್ಲ ಎಂದು 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ' ಪತ್ರಿಕೆಯಲ್ಲಿ ಬರೆದಿದ್ದರು. ಆ ಸಂಚಿಕೆ ನಾನು ದಿನಾ ಕೂರುತ್ತಿದ್ದ ಲೈಬ್ರರಿಯಲ್ಲೇ ಇತ್ತು.

ಎರಡು ಅಧ್ಯಾಯ ಹರಿದು ಹಾಕಿದೆ. ಫೆಲೋಶಿಪ್ ಮುಗಿಯಿತು. ಪದವಿ ಕೈಯಲ್ಲಿಲ್ಲದೆ ಒಂದು ನೇಮಕಾತಿ ತಪ್ಪಿತು. ಗಂಟೆ ಲೆಕ್ಕದ ಪಾಠಕ್ಕೆ ದಿನಾ ಎರಡು ಬಸ್ ಬದಲಾಯಿಸಿ ಹೋದೆ. ಕೊನೆಗೆ 2004-05ರ 61ನೇ ಸುತ್ತಿನ ದತ್ತಾಂಶ ಬಂತು. ಅದರಲ್ಲಿ 50ನೇ ಸುತ್ತಿನಂತೆಯೇ 30 ದಿನದ ಪ್ರಶ್ನೆ ಇತ್ತು, ಹೋಲಿಸಬಹುದಿತ್ತು. ದೇಶದ ಅಂಕಿ ನೋಡಿ: 1993-94ರ ಶೇ 36, ಹನ್ನೊಂದು ವರ್ಷಕ್ಕೆ ಶೇ 27.5 ಆಗಿತ್ತು. ಆರು ವರ್ಷಕ್ಕೇ ಶೇ 26 ಎಂದು ನಂಬಿ ನಾನು ಕಾರಣ ಹುಡುಕಿದ್ದೆ! 2008ರಲ್ಲಿ ಪಿಎಚ್‌ಡಿ ಆಯಿತು. ಈಗ ಪದವಿ ಕಾಲೇಜಿನಲ್ಲಿ ಕಾಯಂ ಕೆಲಸ, ಈ ಕೆಲಸ ನನಗೆ ಪ್ರಾಣ.

ಹಾಗಾಗಿ, ಇಲ್ಲೋ ವಿದೇಶವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಣಿತ ಗಟ್ಟಿಯಿದ್ದು ಪೂರ್ತಿ ಖರ್ಚು ಕೊಡುವ ಕಡೆ ಸೀಟು ಸಿಕ್ಕರೆ ಖಂಡಿತ ಹೋಗಿ. ಸಾಲ ಮಾಡಿ ಹೋಗಬೇಡಿ. ಇಲ್ಲೇ ಒಳ್ಳೆಯ ಸಂಶೋಧನಾ ಸಂಸ್ಥೆಗಳಿವೆ: ಬೆಂಗಳೂರಿನ ಐಸೆಕ್ ಇದೆ, ಮುಂಬೈಯ ಐಜಿಐಡಿಆರ್ ಇದೆ. ಎಲ್ಲೇ ಆಗಲಿ, ಸೇರುವ ಮುಂಚೆ ಹದಿನೈದು ದಿನ ಅವರ ಸೆಮಿನಾರುಗಳಲ್ಲಿ ಹೋಗಿ ಕೂತು ಬನ್ನಿ. ಅರೆಬರೆ ಬರೆದದ್ದನ್ನು ಯಾರಾದರೂ ಮುಂದಿಟ್ಟಾಗ 'ಇದು ತಪ್ಪು' ಎಂದು ತಡೆಯುವವರು ಇದ್ದಾರೋ, ಬರೀ ಅಭಿನಂದನೆ ಹೇಳಿ ಚಹಾಕ್ಕೆ ಏಳುತ್ತಾರೋ ನೋಡಿ. ತಡೆಯುವವರು ಇಲ್ಲದ ಕಡೆ ಎಷ್ಟೇ ದೊಡ್ಡ ಹೆಸರಿದ್ದರೂ ಸೇರಬೇಡಿ. ನನ್ನನ್ನು ತಡೆದವರು ಸಿಕ್ಕಿದ್ದು ಮೂರನೇ ವರ್ಷಕ್ಕೆ. ಮೊದಲ ವರ್ಷಕ್ಕೇ ಸಿಕ್ಕಿದ್ದರೆ ಆ ಬಸ್ಸುಗಳನ್ನು ಹತ್ತಬೇಕಾಗಿರಲಿಲ್ಲ.

ನಿಮ್ಮ ವಿಷಯದ್ದೇ ಇನ್ನೊಂದು ಮಾತು. 2011-12ರ ಜೊತೆ 2022-23ರ ಸಮೀಕ್ಷೆಯನ್ನು ಹೋಲಿಸುವ ಯೋಚನೆ ನಿಮಗೂ ಬಂದೇ ಬರುತ್ತದೆ. 347 ಇದ್ದ ವಸ್ತುಗಳ ಪಟ್ಟಿ 405 ಆಗಿದೆ. ಒಂದೇ ಭೇಟಿಯಲ್ಲಿ ಮುಗಿಯುತ್ತಿದ್ದದ್ದನ್ನು ಮೂರು ಪ್ರಶ್ನಾವಳಿ ಮಾಡಿ, ಮೂರು ತಿಂಗಳಲ್ಲಿ ಮೂರು ಸಲ ಹೋಗಿ ಕೇಳಿದ್ದಾರೆ. ಎರಡೂ ಸಮೀಕ್ಷೆಗಳ ಪ್ರಶ್ನಾವಳಿ ಪ್ರಿಂಟ್ ತೆಗೆದು, ಮನೆಯಲ್ಲಿ ಅಡುಗೆ ಮಾಡುವವರು ಯಾರೋ ಅವರ ಎದುರು ಕೂತು ಒಂದೊಂದೇ ಸಾಲು ಕೇಳಿ ಬರೆದುಕೊಳ್ಳಿ. ಅರ್ಜಿ ಆಮೇಲೆ ಹಾಕುವಿರಂತೆ.